ಬುಟ್ಟಿಯ ಹಿಂದಿನ ಬೂಟು

ಚಿತ್ರ ದೊಡ್ಡದೇನಲ್ಲ, ನಮ್ಮ ಅಡುಗೆಮನೆಯ ಕಿಟಕಿಯ ಅರ್ಧದಷ್ಟಿರಬಹುದು. ಡಬ್ಲಿನ್ ನಗರದ ಒಂದು ಚಿತ್ರಶಾಲೆಯಲ್ಲಿ, ಮೊದಲ ಮಹಡಿಯ ಮೂಲೆಯ ಕೋಣೆಯಲ್ಲಿ, ರೇಷ್ಮೆ ತೊಟ್ಟ ದೊಡ್ಡ ದೊಡ್ಡ ಹೆಂಗಸರ ಪಟಗಳ ನಡುವೆ ಅದನ್ನು ತೂಗುಹಾಕಿದ್ದಾರೆ. ನೂರೈವತ್ತು ವರ್ಷದ ಹಿಂದೆ ಯಾರೋ ಬರೆದದ್ದಂತೆ, ಯಾರೆಂದು ಅವರಿಗೂ ಖಚಿತವಿಲ್ಲ. ಒಂಬತ್ತೋ ಹತ್ತೋ ವರ್ಷದ ಹುಡುಗಿ ಬೀದಿಬದಿಯಲ್ಲಿ ಮಗುಚಿಟ್ಟ ಮರದ ಪೆಟ್ಟಿಗೆಯ ಮೇಲೆ ಕೂತಿದ್ದಾಳೆ. ಮುಂದೆ ಬುಟ್ಟಿ, ಬುಟ್ಟಿಯ ತುಂಬ ನೇರಳೆ ಬಣ್ಣದ ಪುಟ್ಟ ಹೂಗಳ ಕಟ್ಟುಗಳು. ಕೈಯಲ್ಲಿ ಅರ್ಧ ಕಟ್ಟಿದ ಇನ್ನೊಂದು ಕಟ್ಟು. ಒಂದು ಕಾಲನ್ನು ಮುಂದಕ್ಕೆ ಚಾಚಿದ್ದಾಳೆ, ಅದಕ್ಕೆ ಬೂಟಿಲ್ಲ. ಇನ್ನೊಂದು ಕಾಲು ಲಂಗದೊಳಗೆ. ಕಣ್ಣು ಮಾತ್ರ ನೇರ ನಮ್ಮ ಮೇಲೆ.

ಇದರ ಮುಂದೆ ನಾನು ಹೋಗಿ ನಿಂತದ್ದು ಒಂದು ಗುರುವಾರ. ಗುರುವಾರ ನನಗೆ ರಜೆ. ಉಳಿದ ದಿನ ಬೆಳಿಗ್ಗೆ ಆರಕ್ಕೆ ನಗರದಂಚಿನ ಕ್ಲಾಂಡಾಲ್ಕಿನ್‌ನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸ್ಯಾಂಡ್‌ವಿಚ್ ಫ್ಯಾಕ್ಟರಿ, ತಲೆಗೆ ಬಲೆಯ ಟೋಪಿ, ಕೈಗೆ ನೀಲಿ ಗ್ಲೌಸು, ಎದುರಿಗೆ ನಿಲ್ಲದೆ ಬರುವ ಬ್ರೆಡ್ಡು. ನಾನು ಮೊಟ್ಟೆ ಹರಡುವವಳು. ಗುರುವಾರ ನಮ್ಮ ಬಡಾವಣೆಯ ಸಮುದಾಯ ಕೇಂದ್ರದಲ್ಲಿ ಹೆಂಗಸರು ಸೇರುತ್ತೇವೆ. ಚಹಾ, ಹೆಣಿಗೆ, ಯಾರದಾದರೂ ಫಾರಂ ತುಂಬಿಕೊಡುವುದು. ಆ ವರ್ಷ ಚಿತ್ರಶಾಲೆಯವರು ನಮ್ಮ ಗುಂಪನ್ನು ಕರೆದಿದ್ದರು. ಒಬ್ಬೊಬ್ಬರೂ ಒಂದೊಂದು ಚಿತ್ರ ಆರಿಸಿಕೊಂಡು ಅದರ ಬಗ್ಗೆ ಆರೇಳು ವಾಕ್ಯ ಬರೆಯಬೇಕು. ಅದನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಿ, ಬರೆದವರ ಹೆಸರಿನೊಂದಿಗೆ ಚಿತ್ರದ ಪಕ್ಕದಲ್ಲೇ ಮೂರು ತಿಂಗಳು ಅಂಟಿಸುತ್ತಾರೆ. ಇಷ್ಟೇ ಕಾರ್ಯಕ್ರಮ.

ನಮ್ಮನ್ನು ಸುತ್ತಾಡಿಸಿದ ಚಿತ್ರಶಾಲೆಯ ಹುಡುಗಿಗೆ ಮೂವತ್ತರ ಆಸುಪಾಸು. ಒಳ್ಳೆಯವಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಂಡಿನೋವಿನವರಿಗೆ ಮಡಚುವ ಕುರ್ಚಿಗಳನ್ನು ತಾನೇ ಹೊತ್ತುಕೊಂಡು ಬರುತ್ತಿದ್ದಳು. ಈ ಚಿತ್ರದ ಮುಂದೆ ನಿಲ್ಲಿಸಿ ಮೆಲ್ಲಗೆ ಕೇಳಿದಳು: "ಆ ಕಣ್ಣು ನೋಡಿ. ಈ ಮಗು ನಮ್ಮಿಂದ ಏನು ಕೇಳುತ್ತಿದೆ?"

ಒಬ್ಬರು ಸಹಾಯ ಎಂದರು. ಒಬ್ಬರು ಊಟ ಎಂದರು. ಹಿಂದಿನಿಂದ ಯಾರೋ, ತಾಯಿಯ ಮಡಿಲು ಎಂದರು. ನನ್ನ ಬಾಯಿ ಸುಮ್ಮನಿರಲಿಲ್ಲ.

"ಏನೂ ಕೇಳ್ತಿಲ್ಲ. ತಗೊಳ್ಳೋದಿದ್ರೆ ತಗೊಳ್ರಿ, ಇಲ್ಲಾಂದ್ರೆ ಅತ್ಲಾಗೆ ಸರೀರಿ, ಅಂತಿದಾಳೆ."

ಇಷ್ಟನ್ನೂ ನನ್ನ ಇಂಗ್ಲಿಷಿಗೆ ಇಳಿಸಿದಾಗ ಮೂರೇ ಪದವಾಯಿತು. ಎಲ್ಲರೂ ನಕ್ಕರು. ನನ್ನ ಪಕ್ಕದ ಮನೆಯ ಐರಿಷ್ ಹೆಂಗಸು, ಎಪ್ಪತ್ತು ದಾಟಿದವಳು, ಕುರ್ಚಿಯಿಂದಲೇ ಕೈ ತಟ್ಟಿದಳು. "ಸರಿಯಾಗಿ ಹೇಳಿದೆ ನೋಡು! ನಮ್ಮಜ್ಜಿ ಬೀದೀಲಿ ಮೀನು ಮಾರೋಳು. ಯಾರಾದ್ರೂ ಬೆಲೆ ಕೇಳಿ ಸುಮ್ನೆ ಹೋದ್ರೆ ತಿರುವಿನವರೆಗೂ ಬೈಕೊಂಡೇ ಹೋಗೋಳು. ಅವಳದೂ ಇದೇ ಮುಖ."

ಆ ಮುಖ ನನಗೆ ಹೇಗೆ ಗೊತ್ತೆಂದರೆ, ಅದನ್ನು ನಾನು ಮೂರು ವರ್ಷ ಹೊತ್ತು ತಿರುಗಿದ್ದೇನೆ. ಒಂಬತ್ತರಿಂದ ಹನ್ನೆರಡರವರೆಗೆ ಅರಸೀಕೆರೆ ಜಂಕ್ಷನ್ನಿನಲ್ಲಿ ನಾನು ಹೂ ಮಾರುತ್ತಿದ್ದೆ. ಅವ್ವ ನಿಲ್ದಾಣದ ಬಾಗಿಲಲ್ಲಿ ಕೂರುತ್ತಿದ್ದಳು. ನಾನು ಕನಕಾಂಬರ, ಮಲ್ಲಿಗೆ, ನಡುನಡುವೆ ಮರುಗ ಸೇರಿಸಿ ಕಟ್ಟಿದ ದಂಡೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ರೈಲಿನ ಕಿಟಕಿಯಿಂದ ಕಿಟಕಿಗೆ ಓಡುತ್ತಿದ್ದೆ. ಹೂವನ್ನು ಅಳೆಯುವುದು ಮೊಳದಲ್ಲಿ, ಮೊಳವೆಂದರೆ ಮಾರುವವಳ ಮೊಣಕೈಯಿಂದ ನಡುಬೆರಳ ತುದಿಯವರೆಗೆ. ನನ್ನ ಕೈ ಗಿಡ್ಡ. ಗಿರಾಕಿಗಳು ಬಿಡುತ್ತಾರೆಯೇ?

"ಏ ಪುಟ್ಟಿ, ನಿನ್ ಮೊಳ ಯಾರಿಗ್ ಬೇಕು? ನಿಮ್ಮವ್ವನ್ ಕರಿ ಹೋಗು."

"ನಮ್ಮವ್ವ ಬರೋದ್ರೊಳಗೆ ನಿಮ್ ರೈಲು ತಿಪಟೂರು ಸೇರ್ಕಂಡಿರ್ತದೆ, ತಗಳ್ರಮ್ಮ."

ಅವ್ವ ನನಗೆ ಒಂದು ಲೆಕ್ಕ ಹೇಳಿಕೊಟ್ಟಿದ್ದಳು: "ನಿನ್ ಮೊಳದ ಮೇಲೆ ನಾಕ್ ಬೆಳ್ಳು ಬುಡು ಕಣೇ. ಬುಡೋವಾಗ ಅವ್ರಿಗೆ ಕಾಣಂಗೆ ಬುಡು, ಜಾಸ್ತಿ ಕೊಟ್ಟಂಗಿರ್ಬೇಕು." ಮೊಳ ಅಳೆದು, ನಾಲ್ಕು ಬೆರಳನ್ನು ಅಗಲಿಸಿ ತೋರಿಸಿ, ಅಷ್ಟನ್ನು ಬಿಟ್ಟು ಕತ್ತರಿಸುತ್ತಿದ್ದೆ. ಅಲ್ಲಿಗೆ ಅದು ಅವ್ವನ ಮೊಳಕ್ಕೆ ಸಮನಾಗುತ್ತಿತ್ತು, ಅಷ್ಟೇ. ಆದರೆ ಕಿಟಕಿಯಲ್ಲಿ ಕೂತ ಹೆಂಗಸರು ಹುಡುಗಿ ಧಾರಾಳಿ ಎಂದುಕೊಂಡು ಎರಡನೇ ಮೊಳಕ್ಕೂ ಕೈ ಚಾಚುತ್ತಿದ್ದರು. ಬೋಗಿಯಲ್ಲಿ ಯಾವ ಕಿಟಕಿಗೆ ಹೋಗಬೇಕು ಎಂಬುದೂ ನನಗೆ ಗೊತ್ತಾಗುತ್ತಿತ್ತು. ತಲೆ ಬಾಚಿಕೊಂಡು ಕೂತವರ ಬಳಿಗಲ್ಲ, ಬಾಚಿಕೊಳ್ಳುತ್ತಿರುವವರ ಬಳಿ ಹೋಗಬೇಕು. ಇದನ್ನು ನನಗೆ ಅವ್ವ ಹೇಳಿಕೊಟ್ಟದ್ದಲ್ಲ.

ಮಧ್ಯೆ ಗಿರಾಕಿಯಲ್ಲದವರೂ ಇರುತ್ತಿದ್ದರು. ಕಿಟಕಿಗೆ ಅಡ್ಡ ನಿಂತು, ತಲೆ ಓರೆ ಮಾಡಿ, "ಪಾಪ, ಎಷ್ಟು ಚಿಕ್ಕ ಮಗು" ಎನ್ನುವವರು. ಅವರು ಪಾಪ ಎನ್ನುತ್ತಿರುವಾಗಲೇ ಹಿಂದೆ ರೈಲು ಕೂಗುತ್ತಿತ್ತು. ಅವರತ್ತ ನಾನು ಬೀರುತ್ತಿದ್ದ ನೋಟವೇ ಈ ಚಿತ್ರದಲ್ಲಿದ್ದದ್ದು. ಚಿತ್ರಕಾರ ದಿನಗಟ್ಟಲೆ ಅವಳ ಬುಟ್ಟಿಯ ಮುಂದೆ ನಿಂತಿರಬೇಕು. ಎಷ್ಟು ವ್ಯಾಪಾರ ಕೆಟ್ಟಿತೋ.

ಮನೆಗೆ ಬಂದು ಬರೆದೆ. ಬರೆದದ್ದು ಕನ್ನಡದಲ್ಲಿ, ಇಂಗ್ಲಿಷ್ ಮಾಡಿ ಟೈಪ್ ಮಾಡಲು ಮಗಳನ್ನು ಕೂರಿಸಿಕೊಂಡೆ. ಅವಳಿಗೆ ಹದಿನೈದು. ಹುಟ್ಟಿದ್ದು ಇದೇ ದೇಶದ ಕಿಲ್ಕೆನ್ನಿ ಎಂಬ ಊರಿನಲ್ಲಿ, ಅವಳಪ್ಪ ಅಲ್ಲಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ಮಾತನ್ನು ಇಲ್ಲಿ ನಾನು ಕನ್ನಡಕ್ಕೆ ತಂದುಕೊಂಡಿದ್ದೇನೆ.

ನಾನು ಬರೆದದ್ದು ಇಷ್ಟು:

'ಈ ಹುಡುಗಿ ಬೇಡುತ್ತಿಲ್ಲ, ವ್ಯಾಪಾರ ಮಾಡುತ್ತಿದ್ದಾಳೆ. ಚಿತ್ರಕಾರ ಗಿರಾಕಿಗಳಿಗೆ ಅಡ್ಡ ನಿಂತಿದ್ದಾನೆ, ಅದಕ್ಕೆ ಅವಳಿಗೆ ಸಿಟ್ಟು. ಅವಳಿಗೆ ಬೂಟು ಇಲ್ಲದೆ ಇಲ್ಲ, ಬುಟ್ಟಿಯ ಹಿಂದೆ ನೆರಳಿನಲ್ಲಿ ಇದೆ, ಬಗ್ಗಿ ನೋಡಿ. ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ ಹೂ ಕಟ್ಟಲು ಅದನ್ನು ಬಿಚ್ಚಿಟ್ಟಿದ್ದಾಳೆ. ನಾನೂ ಒಂಬತ್ತನೇ ವಯಸ್ಸಿನಲ್ಲಿ ರೈಲು ನಿಲ್ದಾಣದಲ್ಲಿ ಹೂ ಮಾರುತ್ತಿದ್ದೆ. ನಾನು ಚೆನ್ನಾಗಿ ಮಾರುತ್ತಿದ್ದೆ.'

ಮಗಳು ಟೈಪ್ ಮಾಡುವುದನ್ನು ನಿಲ್ಲಿಸಿದಳು.

"ಮಾರ್ತಿದ್ದದ್ದು ಅಜ್ಜಿ ಅಲ್ವಾ?"

"ಅಜ್ಜಿ ಬಾಗಿಲಲ್ಲಿ. ನಾನು ಪ್ಲಾಟ್‌ಫಾರಂನಲ್ಲಿ."

"ಒಂಬತ್ತು ವರ್ಷಕ್ಕೆ? ಅಮ್ಮಾ, ಅದು ಚೈಲ್ಡ್ ಲೇಬರ್."

"ಅದಕ್ಕೆ ಏನಂತಾರೋ. ನಾನು ಹೂ ಮಾರ್ತಿದ್ದೆ."

"ನಮ್ಮ ಶಾಲೆಯವರೆಲ್ಲ ಅಲ್ಲಿಗೆ ಟೂರ್ ಹೋಗ್ತಾರೆ, ಗೊತ್ತಾ? ನಿನ್ನ ಹೆಸರೂ ಹಾಕ್ತಾರೆ."

"ಹಾಕ್ಲಿ."

ಅವಳು ತುಟಿ ಕಚ್ಚಿಕೊಂಡು ಟೈಪ್ ಮಾಡಿದಳು. ಕೊನೆಯ ವಾಕ್ಯಕ್ಕೆ ಬಂದಾಗ, ಇದು ಬೇಕಾ ಎಂಬಂತೆ ಒಮ್ಮೆ ನನ್ನ ಕಡೆ ತಿರುಗಿದಳು. ನಾನು ಬೇಳೆಯಲ್ಲಿ ಕಲ್ಲು ಹುಡುಕುತ್ತಿದ್ದೆ. ಇಲ್ಲಿನ ಬೇಳೆಯಲ್ಲಿ ಕಲ್ಲಿರುವುದಿಲ್ಲ, ಆದರೂ ಹುಡುಕುತ್ತೇನೆ.

ಎರಡು ವಾರದ ಮೇಲೆ ಚಿತ್ರಶಾಲೆಯಿಂದ ಮೇಲ್ ಬಂತು. ಬಹಳ ಹೃದಯಸ್ಪರ್ಶಿಯಾಗಿದೆ, ಓದುಗರಿಗಾಗಿ ಸ್ವಲ್ಪ ತಿದ್ದಿದ್ದೇವೆ, ಒಪ್ಪಿಗೆಯಾದರೆ ತಿಳಿಸಿ ಎಂದಿತ್ತು. ಮಗಳು ಓದಿ ಹೇಳಿದಳು: 'ಈ ಮಗುವಿನ ಕಣ್ಣುಗಳಲ್ಲಿ ಕಸಿದುಕೊಳ್ಳಲಾದ ಬಾಲ್ಯದ ಮೂಕ ನೋವಿದೆ. ಸ್ವತಃ ಚಿಕ್ಕಂದಿನಲ್ಲಿ ದುಡಿಯಬೇಕಾಗಿ ಬಂದ ಬರಹಗಾರ್ತಿಗೆ ಇವಳ ಬರಿಗಾಲಿನಲ್ಲಿ ತನ್ನದೇ ದುಃಖ ಕಾಣುತ್ತದೆ.'

ಬೂಟು ಹೋಗಿತ್ತು. ಸಿಟ್ಟು ಹೋಗಿತ್ತು. ಕೊನೆಯ ವಾಕ್ಯವೂ ಇರಲಿಲ್ಲ.

"ಅಮ್ಮಾ, ಇಟ್ಸ್ ಗ್ರ್ಯಾಂಡ್," ಎಂದಳು ಮಗಳು, ಇಲ್ಲಿನವರು ಚೆನ್ನಾಗೇ ಇದೆ ಬಿಡು ಎನ್ನುವ ಹಾಗೆ. "ಓಕೆ ಅಂತ ಕಳಿಸ್ಲಾ?"

ನಮ್ಮೆಜಮಾನರು ಡ್ಯೂಟಿ ಮುಗಿಸಿ ಬಂದು, ಶೂ ಬಿಚ್ಚುತ್ತಲೇ ಕೇಳಿಸಿಕೊಂಡರು. "ಅವ್ರು ಬರ್ದಿರೋದೇ ಇರ್ಲಿ ಬಿಡೇ. ಇಂಗ್ಲಿಷ್ ಚೆನ್ನಾಗೈತೆ."

"ಇಂಗ್ಲಿಷ್ ಚೆನ್ನಾಗೈತೆ. ಅದ್ರೊಳಗೆ ನಾನೆಲ್ಲಿದೀನಿ?"

"ಒಂದು ಕಾರ್ಡ್‌ಗೆ ಇಷ್ಟು ರಂಪಾನಾ?"

"ಹೂಂ. ಇಷ್ಟೇ."

ಆ ರಾತ್ರಿ ಅಡುಗೆಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ. ಸಿಟ್ಟು ಬಂದದ್ದು ನನಗೆ ದುಃಖವಿತ್ತು ಎಂದು ಬರೆದದ್ದಕ್ಕಲ್ಲ. ದುಃಖ ಇರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಬೆಳಗಿನ ಪ್ಯಾಸೆಂಜರ್ ರೈಲು ಹೋದ ಮೇಲೆ ಶಾಲೆಗೆ ಓಡುತ್ತಿದ್ದೆ, ಮೊದಲ ಪಿರಿಯಡ್ ತಪ್ಪಿಯೇ ಹೋಗುತ್ತಿತ್ತು. ಅದು ಗಣಿತ. ಮಗಳು ಐದನೇ ಕ್ಲಾಸಿನಲ್ಲಿ ಭಿನ್ನರಾಶಿ ಹಿಡಿದುಕೊಂಡು ಬಂದಾಗ, ಅಪ್ಪನನ್ನು ಕೇಳು ಎಂದು ಕಳಿಸಿದವಳು ನಾನು. ಅದು ಹೋಯಿತು. ಆದರೆ ಹೋದದ್ದನ್ನು ಮಾತ್ರ ಇಟ್ಟುಕೊಂಡು, ಇದ್ದದ್ದನ್ನು ಒರೆಸಿಹಾಕಲು ಇವರು ಯಾರು?

ಮುಂದಿನ ಗುರುವಾರ ಮಗಳಿಗೆ ಮಧ್ಯಾವಧಿ ರಜೆ. ಬೇಡ ಬೇಡ ಎಂದರೂ ಕರೆದುಕೊಂಡು ಟ್ರಾಮ್ ಹತ್ತಿದೆ. ನನ್ನ ಇಂಗ್ಲಿಷ್ ಫ್ಯಾಕ್ಟರಿಗೆ ಸಾಕು, ಅಂಗಡಿಗೆ ಸಾಕು, ಜಗಳಕ್ಕೆ ಸಾಲದು.

ಚಿತ್ರಶಾಲೆಯ ಹುಡುಗಿ ನಮ್ಮನ್ನು ಚಿತ್ರದ ಮುಂದೆಯೇ ಕುರ್ಚಿ ಹಾಕಿ ಕೂರಿಸಿದಳು. ನಮಗೆಂದೇ ಚಹಾ ತರಿಸಿದ್ದಳು, ಆದರೆ ಆ ಕೋಣೆಯೊಳಗೆ ಕುಡಿಯುವಂತಿಲ್ಲವೆಂದು ಅದು ಹೊರಗೇ ಆರುತ್ತಿತ್ತು. ಮೊದಲು ಅವಳೇ ಶುರು ಮಾಡಿದಳು.

"ದಾರದ ವಿಷಯ. ನಮ್ಮ ತಜ್ಞರು ದೊಡ್ಡ ದೀಪ ಹಾಕಿ ನೋಡಿದರು. ಹೆಬ್ಬೆರಳಿನ ಹತ್ತಿರ ಕಾಣುವ ಗೆರೆ ದಾರವಲ್ಲ. ಬಣ್ಣ ಒಣಗಿ ಬಿರುಕು ಬಿಟ್ಟಿರುವುದು. ಇಲ್ಲಿನ ಹೂ ಮಾರುವವರು ಕಾಲು ಬಳಸಿ ಕಟ್ಟುತ್ತಿರಲಿಲ್ಲ ಎಂದೂ ಹೇಳಿದರು."

ನಾನು ಎದ್ದು ಹೋಗಿ, ಕೈ ಬೆನ್ನಿಗೆ ಕಟ್ಟಿಕೊಂಡು, ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದೆ. ಕಾವಲಿನವನು ಕೆಮ್ಮಿದ. ಗೆರೆ ಬೆರಳಿನಿಂದ ಹೊರಟು ಚಿತ್ರದೊಳಗಿನ ಗೋಡೆಯ ಮೇಲೂ ಹಾದು ಆಕಾಶಕ್ಕೆ ಹೋಗಿತ್ತು. ದಾರ ಆಕಾಶಕ್ಕೆ ಹೋಗುವುದಿಲ್ಲ. ಬರಿಗಾಲು ಕಂಡ ತಕ್ಷಣ ನಾನೇ ಅದಕ್ಕೊಂದು ದಾರ ಕಟ್ಟಿಬಿಟ್ಟಿದ್ದೆ. ಹೆಬ್ಬೆರಳಿಗೆ ಬಾಳೆನಾರು ಸಿಕ್ಕಿಸಿಕೊಂಡು, ಈಚೆಗೆರಡು ಹೂ ಆಚೆಗೆರಡು ಹೂ ಇಟ್ಟು ಗಂಟು ಹಾಕಿದವರ ಕಣ್ಣಿಗಲ್ಲದೆ ಇನ್ಯಾರ ಕಣ್ಣಿಗೂ ಅಲ್ಲಿ ದಾರ ಕಾಣುತ್ತಿರಲಿಲ್ಲ.

"ತಪ್ಪಾಯ್ತು," ಎಂದೆ. "ದಾರ ತೆಗೀರಿ. ಬೂಟು?"

"ಬೂಟು ಇದೆ," ಎಂದಳು. ಅವಳ ಮುಖವೂ ಸ್ವಲ್ಪ ಕೆಂಪಾಯಿತು. "ನೀವು ಹೇಳುವವರೆಗೆ ಇಲ್ಲಿ ಯಾರೂ ಗಮನಿಸಿರಲಿಲ್ಲ. ನಮ್ಮ ಹಳೆಯ ಪುಸ್ತಕಗಳಲ್ಲೆಲ್ಲ ಬರಿಗಾಲಿನ ಹುಡುಗಿ ಎಂದೇ ಇದೆ."

"ಮತ್ತೆ ಯಾಕೆ ಬಿಚ್ಚಿಟ್ಟಿದಾಳೆ?"

"ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ. ಒಳಗೆ ಕಲ್ಲು ಹೊಕ್ಕಿರ್ಬಹುದು, ಚಿಕ್ಕದಾಗಿ ಕಾಲು ಕಚ್ತಿರ್ಬಹುದು. ಗೊತ್ತಿಲ್ಲ ಅಂತ್ಲೇ ಬರೀರಿ. ಬರಿಗಾಲು ಅಂತ ಮಾತ್ರ ಬರೀಬೇಡಿ."

ಇದನ್ನು ಅವಳು ಒಪ್ಪಿದಳು, ಸಿಟ್ಟನ್ನೂ ಒಪ್ಪಿದಳು. ಸಿಕ್ಕಿಹಾಕಿಕೊಂಡದ್ದು ಕೊನೆಯ ವಾಕ್ಯದಲ್ಲಿ. ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಅವಳು ತನ್ನ ಕಷ್ಟ ಹೇಳಿಕೊಂಡಳು. ದಿನಾ ಶಾಲೆಯ ಮಕ್ಕಳು ಬರುತ್ತಾರೆ, ಚೆನ್ನಾಗಿ ಮಾರುತ್ತಿದ್ದೆ ಎಂದು ಓದಿದರೆ ಮಕ್ಕಳು ದುಡಿಯುವುದು ಸರಿ ಎಂದುಕೊಳ್ಳುವುದಿಲ್ಲವೇ? ಜಗತ್ತಿನಲ್ಲಿ ಈಗಲೂ ಎಷ್ಟೋ ಮಕ್ಕಳು ದುಡಿಯುತ್ತಿದ್ದಾರೆ. ಅವರಿಗೆ ಇದು ಅನ್ಯಾಯವಾಗುವುದಿಲ್ಲವೇ?

ಪ್ರಶ್ನೆ ಸುಳ್ಳಲ್ಲ. ಅದಕ್ಕೇ ನನಗೆ ಇಂಗ್ಲಿಷ್ ಕೈಕೊಟ್ಟಿತು. ಮಗಳ ಕಡೆ ತಿರುಗಿ ಕನ್ನಡದಲ್ಲೇ ಶುರು ಮಾಡಿದೆ.

"ಅವ್ರಿಗೆ ಹೇಳು. ಮಕ್ಕಳು ದುಡೀಬೇಕು ಅಂತ ನಾನು ಹೇಳ್ತಿಲ್ಲ. ನಿನ್ನನ್ನ ಒಂದ್ ದಿನಾನೂ ಕಳಿಸಿಲ್ಲ, ಕಳ್ಸೋದೂ ಇಲ್ಲ. ಶಾಲೇಲಿ ನನ್ನ ಲೆಕ್ಕ ಹೋಯ್ತು, ಅದನ್ನ ಬೇಕಾದ್ರೆ ಬರ್ಕೊಳ್ಲಿ. ಆದ್ರೆ ನಾನು ಮಾಡಿದ್ದು ಕೆಲ್ಸ. ಅದನ್ನ ಮಾಡೋಕೆ ಬುದ್ಧಿ ಬೇಕಿತ್ತು, ಆ ಬುದ್ಧಿ ನಂಗಿತ್ತು. ನನ್ ಮೇಲೆ ಪಾಪ ಅನ್ನಿಸ್ಬೇಕು ಅಂದ್ರೆ ನನ್ನನ್ನ ದಡ್ಡಿ ಮಾಡ್ಲೇಬೇಕಾ? ಈ ವಾಕ್ಯ ಇದ್ರೆ ನನ್ ಹೆಸ್ರು. ಇಲ್ದಿದ್ರೆ ಗೋಡೆ ಖಾಲಿ ಬಿಡ್ಲಿ."

ಮಗಳು ನೆಲ ನೋಡುತ್ತ ಹೇಳಿದಳು: "ಅಮ್ಮ ಹೇಳ್ತಿದಾರೆ, ಸಾಧ್ಯವಾದರೆ ಆ ವಾಕ್ಯ ಇದ್ದರೆ ಅವರಿಗೆ ಖುಷಿಯಾಗುತ್ತೆ ಅಂತ."

ನನ್ನ ಇಂಗ್ಲಿಷ್ ಅಷ್ಟನ್ನು ಹಿಡಿಯದಷ್ಟು ಕೆಟ್ಟದ್ದಲ್ಲ.

"ನಾನ್ ಹೇಳಿದ್ದು ಅದಾ?"

"ಅಮ್ಮಾ, ಹಾಗೆ ಹೇಳಿದ್ರೆ ಜಗಳ ಆಡಿದ ಹಾಗಿರುತ್ತೆ."

"ಜಗಳಾನೇ ಆಡ್ತಿರೋದು ಕಣೇ. ಹೇಳಿದ್ದನ್ನ ಹೇಳಿದ್ ಹಂಗೇ ಹೇಳು. ಇವ್ರು ಒಂದ್ ಸಲ ತಿದ್ದಿದಾರೆ, ಈಗ ನೀನೂ ತಿದ್ತೀಯಾ?"

ಅವಳು ತಲೆಯೆತ್ತಿ ಮೊದಲು ನನ್ನನ್ನು ನೋಡಿದಳು, ಆಮೇಲೆ ಗೋಡೆಯ ಹುಡುಗಿಯನ್ನು. ಆಮೇಲೆ ಚಿತ್ರಶಾಲೆಯ ಹುಡುಗಿಯ ಕಡೆ ತಿರುಗಿ, "ಸಾರಿ, ಅವರು ಹಾಗೆ ಹೇಳಲಿಲ್ಲ," ಎಂದು ಶುರುಮಾಡಿ ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. ಲೆಕ್ಕ ಹೋದದ್ದು, ಬುದ್ಧಿ ಬೇಕಿದ್ದದ್ದು, ದಡ್ಡಿ, ಖಾಲಿ ಗೋಡೆ, ಎಲ್ಲ. ದಡ್ಡಿ ಎನ್ನುವಾಗ ಅವಳ ದನಿ ನನ್ನದಕ್ಕಿಂತ ಜೋರಾಗಿಯೇ ಇತ್ತು.

ಚಿತ್ರಶಾಲೆಯ ಹುಡುಗಿ ಕಾಗದದ ಮೇಲೆ ಪೆನ್ಸಿಲ್ ಆಡಿಸುತ್ತ ಕೂತಳು. "ಹೀಗೆ ಮಾಡೋಣವೇ? 'ತಾನು ಚೆನ್ನಾಗಿ ಮಾರುತ್ತಿದ್ದೆನೆಂದು ಬರಹಗಾರ್ತಿ ನೆನಪಿಸಿಕೊಳ್ಳುತ್ತಾರೆ.'"

"ಬೇಡ."

"'ಚೆನ್ನಾಗಿ ಮಾರುತ್ತಿದ್ದೆ ಎಂದು ನನಗೆ ಅನ್ನಿಸುತ್ತಿತ್ತು'?"

"ಅನ್ನಿಸ್ತಿರ್ಲಿಲ್ಲ. ಮಾರ್ತಿದ್ದೆ."

ಅದನ್ನು ಮಗಳು ತರ್ಜುಮೆ ಮಾಡಬೇಕಾಗಿ ಬರಲಿಲ್ಲ. ಹುಡುಗಿ ನಕ್ಕುಬಿಟ್ಟಳು, ಪೆನ್ಸಿಲ್ ಕೆಳಗಿಟ್ಟಳು. ಕೊನೆಗೆ ಒಂದೇ ಷರತ್ತು ಹಾಕಿದಳು: ಕಾರ್ಡಿನ ಕೆಳಗೆ ಚಿಕ್ಕ ಅಕ್ಷರದಲ್ಲಿ, ಈ ಅಭಿಪ್ರಾಯ ಬರೆದವರದು, ಚಿತ್ರಶಾಲೆಯದಲ್ಲ ಎಂದು ಹಾಕುತ್ತೇವೆ. ಹಾಕಿಕೊಳ್ಳಿ ಎಂದೆ. ನನ್ನ ಮೂರು ವರ್ಷದ ಬಗ್ಗೆ ಚಿತ್ರಶಾಲೆಗೆ ಅಭಿಪ್ರಾಯ ಇರಬೇಕೆಂದು ನಾನೇನೂ ಬಯಸಿರಲಿಲ್ಲ.

ಹೊರಗೆ ಬಂದು ಆರಿದ ಚಹಾ ಕುಡಿದೆವು. ಟ್ರಾಮಿನಲ್ಲಿ ಅರ್ಧ ದಾರಿ ಕಳೆದ ಮೇಲೆ ಮಗಳು ಕೇಳಿದಳು: "ಕಿಟಕಿಯಲ್ಲಿ ಒಬ್ಬರು ಹೂ ಇಸ್ಕೊಂಡು, ರೈಲು ಹೊರಟುಬಿಟ್ರೆ?"

"ಓಡ್ತಿದ್ದೆ."

"ಸಿಗ್ತಿದ್ರಾ?"

"ಒಂದೊಂದ್ ಸಲ. ಸಿಗ್ದಿದ್ರೆ ಕೂಗಿ ಬೈತಿದ್ದೆ."

"ಏನಂತ?"

ಹೇಳಿದೆ. ಎದುರು ಕೂತವರಿಗೆ ಕನ್ನಡ ಬರುವುದಿಲ್ಲ ಎಂಬ ಧೈರ್ಯ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಇಳಿಯುವ ಸ್ಟಾಪಿನವರೆಗೂ ನಕ್ಕಳು.

ಕಾರ್ಡ್ ಅಂಟಿಸಿದ ಮೇಲೆ ನಮ್ಮ ಗುರುವಾರದ ಗುಂಪೆಲ್ಲ ನೋಡಲು ಹೋದೆವು. ಬಿಳಿಯ ಕಾರ್ಡು, ಅಂಗೈಗಿಂತ ಸ್ವಲ್ಪ ದೊಡ್ಡದು. ಪಕ್ಕದ ಮನೆಯವಳು ಕನ್ನಡಕ ಏರಿಸಿಕೊಂಡು, ಮೀನು ಮಾರುವವಳ ಮೊಮ್ಮಗಳೇ ತಾನೆ, ಇಡೀ ಕೋಣೆಗೆ ಕೇಳುವಂತೆ ಗಟ್ಟಿಯಾಗಿ ಓದಿದಳು. ಕಾವಲಿನವನು ಬಂದ. ಹೋದ ಸಲ ಕೆಮ್ಮಿದ್ದನಲ್ಲ, ಅವನೇ.

"ಸ್ವಲ್ಪ ಮೆಲ್ಲಗೆ ಓದ್ತೀರಾ?"

"ಮೆಲ್ಲಗೆ ಯಾಕೆ? ಇವಳು ಬರೆದದ್ದು," ಎಂದು ನನ್ನ ಕಡೆ ಕೈ ತೋರಿಸಿದಳು.

ಅವನು ಕಾರ್ಡನ್ನು ನೋಡಿದ. ಮಂಡಿ ಬಗ್ಗಿಸಿ ಬುಟ್ಟಿಯ ಹಿಂದೆ ಹಣಕಿದ. ಬೂಟು ಸಿಕ್ಕಿರಬೇಕು, ತಲೆಯಾಡಿಸಿದ. ಎಷ್ಟು ವರ್ಷದಿಂದ ಅದೇ ಕೋಣೆಯಲ್ಲಿ ನಿಂತಿದ್ದನೋ. ಆಮೇಲೆ ನನ್ನನ್ನು, ನನ್ನ ಕೋಟನ್ನು, ಕೈಯಲ್ಲಿದ್ದ ತರಕಾರಿ ಚೀಲವನ್ನು ನೋಡಿದ.

"ನಿಜವಾಗ್ಲೂ ಅಷ್ಟು ಚೆನ್ನಾಗಿ ಮಾರ್ತಿದ್ರಾ?"

"ಹೌದು," ಎಂದೆ. "ಅಲ್ಲೇ ಬರೆದಿದೆಯಲ್ಲ."